ಗಾಯರಾಣಕ್ಕೆ ಸಸಿ ಒಯ್ಯುವ ಮುನ್ನ: ಕುರಿಗಾರರು, ಗೌಳಿಗರು, ಸಿದ್ದಿಯರ ಜೊತೆ ಪರಿಸರ ಕೆಲಸ ಮಾಡುವ ಬಗೆ

ನಮ್ಮ ಗೆಳೆಯರ ಬಳಗ ಪರಿಸರ ಕೆಲಸಕ್ಕೆ ಮೊದಲು ಇಳಿದದ್ದು ಬಾಗಲಕೋಟೆ ಜಿಲ್ಲೆಯ ಒಂದೂರಿನ ಗಾಯರಾಣದಲ್ಲಿ, ಅಂದರೆ ದನಕುರಿ ಮೇಯಲು ಬಿಟ್ಟ ಊರ ನೆಲದಲ್ಲಿ. ಹೊಂಗೆ, ಬೇವು, ನೇರಳೆ ಸೇರಿ ಮುನ್ನೂರು ಸಸಿ. ಜೆಸಿಬಿ ತರಿಸಿ ಸುತ್ತ ಕಂದಕ ತೋಡಿಸಿದೆವು, ಬ್ಯಾನರ್ ಕಟ್ಟಿದೆವು, ಫೋಟೊ ತೆಗೆಸಿಕೊಂಡೆವು. ಉತಾರದಲ್ಲಿ (ಪಹಣಿಯಲ್ಲಿ) ಅದು ಸರ್ಕಾರಿ ಗಾಯರಾಣ. ನಮ್ಮ ಕಣ್ಣಿಗೆ ಬರೀ ಬೀಳು. ನಾಲ್ಕು ತಿಂಗಳ ಮೇಲೆ ಹಿಂಡು ಹೊಡೆದುಕೊಂಡು ಬಂದ ಹಿರಿಯ ಕುರಿಗಾರರೊಬ್ಬರು ಕಂದಕದ ಅಂಚಿಗೆ ನಿಂತು ಕೇಳಿದರು: "ಗಿಡಾ ಹಚ್ಚೀರಿ, ಚಲೋ ಆತ್ರಿ. ನನ್ನ ಕುರಿ ಈಗ ಎಲ್ಲಿ ಇಳಸ್ಲಿ?" ನಮ್ಮಲ್ಲಿ ಯಾರಿಗೂ ಉತ್ತರ ಇರಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಸಸಿಗಳಲ್ಲಿ ಮುಕ್ಕಾಲು ಪಾಲು ಒಣಗಿದವು, ಕಂದಕ ಉಳಿಯಿತು.

ಆ ಕಂದಕ ನೋಡಿದಾಗಲೆಲ್ಲ ಒಂದು ಮಾತು ಚುಚ್ಚುತ್ತದೆ. ನಾವು ಊರವರನ್ನು ಕೇಳಿದ್ದೆವು. ಪಂಚಾಯ್ತಿಯಿಂದ ಪತ್ರ ಪಡೆದಿದ್ದೆವು. ಆದರೆ ನಾವು ಕೇಳಿದ ತಿಂಗಳಲ್ಲಿ ಕುರಿಗಾರರು ಊರಲ್ಲೇ ಇರಲಿಲ್ಲ. ಆ ನೆಲವನ್ನು ಅಂಗೈಯಂತೆ ಬಲ್ಲವರು ಬರುವ ಹೊತ್ತಿಗೆ ಎಲ್ಲ ತೀರ್ಮಾನ ಆಗಿಹೋಗಿತ್ತು. ಈ ಬರಹದಲ್ಲಿ ನಾನು ಹೇಳುವುದೆಲ್ಲ ಅಲ್ಲಿಂದ ಹುಟ್ಟಿದ್ದು: ಕೆಲಸದ ದಿನ ಗೊತ್ತು ಮಾಡಬೇಕಾದವರು ನೆಲ ಬಲ್ಲವರು, ನಾವಲ್ಲ.

ಮೊದಲ ಹೆಜ್ಜೆ: ಯಾರು, ಎಲ್ಲಿ, ಯಾವಾಗ

"ಆದಿವಾಸಿಗಳೆಂದರೆ ಬಿಳಿಗಿರಿರಂಗನ ಬೆಟ್ಟದವರು, ನಾಗರಹೊಳೆಯವರು. ನಮ್ಮ ಕಡೆ ಯಾರಿದ್ದಾರೆ?" ಎನ್ನುವವರು ಬಹಳ. ಸರ್ಕಾರದ ಪಟ್ಟಿ ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಆಫ್ರಿಕಾ ಮೂಲದ ಸಿದ್ದಿಯರನ್ನೇ ನೋಡಿ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದೇ ಕಾಡಿನ ಆಚೆ ಬದಿಗೆ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಇದ್ದವರು 2020ರ ತನಕ ಕಾಯಬೇಕಾಯಿತು. ಜಿಲ್ಲೆಯ ಗೆರೆ ದಾಟಿದ ಮಾತ್ರಕ್ಕೆ ಕಾಡಿನ ತಿಳಿವಳಿಕೆ ಕಡಿಮೆಯಾಗುತ್ತದೆಯೇ?

ಪಟ್ಟಿ ಬದಿಗಿಟ್ಟು, ಈ ನೆಲದ ಮೇಲೆ ಯಾರ ಬದುಕು ನಡೆದಿದೆ ಎಂದು ಕೇಳಿ. ಖಾನಾಪುರದ ಕಾಡಂಚಿನಲ್ಲಿ ಎಮ್ಮೆ ಸಾಕುವ ಧನಗರ ಗೌಳಿಗರು, ಸಿದ್ದಿಯರು, ಕುಣಬಿಗಳು. ಚಿಕ್ಕೋಡಿ, ಗೋಕಾಕ, ಮುಧೋಳ, ಬೀಳಗಿ ಸುತ್ತ ಕುರಿ ಕಾಯುವ ಹಾಲುಮತದವರು, ಎಂದರೆ ಕುರುಬರು. ಕೃಷ್ಣೆ, ಘಟಪ್ರಭೆಯ ದಂಡೆಗೆ ಬಲೆ ಬೀಸುವ ಅಂಬಿಗರು. ಬೇಡರು, ಬೇಟೆಯನ್ನು ನೆಚ್ಚಿ ಬದುಕಿದ್ದ ಹರಣಶಿಕಾರಿಗಳು. ವಿಜಯಪುರದ ಕಡೆ ತಾಂಡಾಗಳ ಲಂಬಾಣಿಗರು. ಇವರಲ್ಲಿ ಕೆಲವರು ಕಾಗದದ ಮೇಲೆ 'ಬುಡಕಟ್ಟು', ಕೆಲವರು ಅಲ್ಲ. ಹಕ್ಕುಪತ್ರದ ಮಾತು ಬಂದಾಗ ಆ ವ್ಯತ್ಯಾಸ ಮುಖ್ಯವಾಗುತ್ತದೆ, ಕಲಿಯುವಾಗ ಅಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳ ಗೆರೆ ಎಳೆಯಿರಿ. ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರ ಬರೆದರೆ ಮಾತು ಬೇಗ ಹೊಂದುತ್ತದೆ: ರೋಹಿಣಿ, ಮಿರಗ, ಆರಿದ್ರಾ, ಹೀಗೆ ಸ್ವಾತಿಯವರೆಗೆ. ಹಿಂಡು ಯಾವ ಮಳೆಗೆ ಊರು ಬಿಡುತ್ತದೆ, ಯಾವಾಗ ಮರಳುತ್ತದೆ, ಜೋಳದ ರಾಶಿ ಆದಮೇಲೆ ಯಾರ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ, ಎಲ್ಲವನ್ನೂ ತುಂಬಿ. ದಖ್ಖನಿ ಕುರಿಗೆ ಜಿಟಿಜಿಟಿ ಮಳೆ, ಹಸಿ ನೆಲ ಆಗದು, ಗೊರಸು ಕೊಳೆಯುತ್ತದೆ. ಹಾಗಾಗಿ ಮಳೆಯ ಲೆಕ್ಕವೇ ಅವರ ದಾರಿಯ ಲೆಕ್ಕ. ಈ ಹಾಳೆ ನಮ್ಮ ಕೈಯಲ್ಲಿ ಮೊದಲೇ ಇದ್ದಿದ್ದರೆ ಜೆಸಿಬಿ ಬಾಡಿಗೆಯಾದರೂ ಉಳಿಯುತ್ತಿತ್ತು.

ಎರಡನೆಯದು: ಹೋಗುವ ಮುನ್ನ ಹಳೆಯ ಲೆಕ್ಕ ತಿಳಿದಿರಿ

ನಾವು ಹೋದಾಗ ಕೆಲವರು ಬಾಯಿ ಬಿಡುವುದಿಲ್ಲ. ಅದನ್ನು ಸಂಕೋಚ ಎಂದುಕೊಂಡರೆ ತಪ್ಪು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಬಂಡೆದ್ದದ್ದು ಆಯುಧ ಒಪ್ಪಿಸಿ ಎಂಬ ಬ್ರಿಟಿಷ್ ಕಾಯ್ದೆಯ ವಿರುದ್ಧ. ಊರಿಗೆ ಊರೇ ಅದಕ್ಕೆ ಬೆಲೆ ತೆತ್ತಿತು. ಹರಣಶಿಕಾರಿಗಳಂಥವರ ಮೇಲೆ 1871ರಲ್ಲಿ ಹುಟ್ಟಿ ಆಮೇಲೆ ಈ ಕಡೆಗೂ ಹಬ್ಬಿದ ಅಪರಾಧಿ ಬುಡಕಟ್ಟು ಕಾಯ್ದೆಯ ಹಣೆಪಟ್ಟಿ ಬಿತ್ತು. ವಿಜಯಪುರದಲ್ಲಿ ಅವರನ್ನು ಕೂಡಿಹಾಕುವ ಸೆಟ್ಲಮೆಂಟು ನಡೆಯಿತು. ಕಾಯ್ದೆ ಹೋದದ್ದು 1952ರಲ್ಲಿ. ಹಣೆಪಟ್ಟಿ ಹೋಯಿತೋ ಇಲ್ಲವೋ, ಅವರ ಓಣಿಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ಈಚಿನ ಲೆಕ್ಕವೂ ಇದೆ. ಖಾನಾಪುರದ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 190 ಚದರ ಕಿಲೋಮೀಟರು. ಬಾರಾಪೆಡೆ ಗುಹೆಯ ಅಪರೂಪದ ಬಾವಲಿಯ ಹೆಸರು ಜಗತ್ತಿಗೆ ಗೊತ್ತು. ಧಾಮದೊಳಗಿನ ತಳೇವಾಡಿ, ಗವಾಳಿ, ಕೊಂಗಳದಂಥ ಹಳ್ಳಿಗಳ ಹೆಸರು ಬೆಳಗಾವಿ ನಗರದಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಳೆಗಾಲದಲ್ಲಿ ರಸ್ತೆ ಇಲ್ಲದೆ, ಆಸ್ಪತ್ರೆ ದೂರವಾಗಿ, ಸ್ಥಳಾಂತರದ ಮಾತು ಹೋಗುತ್ತ ಬರುತ್ತ ಇರುವ ಕಡೆಗೆ "ಕಾಡು ಉಳಿಸೋಣ ಬನ್ನಿ" ಎಂದು ಹೋಗುವಾಗ ನಿಮ್ಮನ್ನು ಯಾವ ಕಡೆಯವರೆಂದು ಅವರು ಎಣಿಸಬೇಕು? ಮೊದಲೇ ಯೋಚಿಸಿಟ್ಟುಕೊಳ್ಳಿ. ಮೊದಲ ಪ್ರಶ್ನೆಯೇ ಅದಾಗಿರುತ್ತದೆ.

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ 2016ರಲ್ಲಿ ಚಿಂಕಾರ (ಬಯಲಿನ ಹುಲ್ಲೆ) ವನ್ಯಜೀವಿಧಾಮವಾಯಿತು. ಅದರ ಸುತ್ತಲೂ ಕುರಿ ಮೇಯಿಸುವವರಿದ್ದಾರೆ. ಅಲ್ಲಿಯೂ ಇದೇ ಎಚ್ಚರ ಬೇಕು.

ಮೂರನೆಯದು: ಮೊದಲ ಭೇಟಿ

ಇದು ಸಣ್ಣ ವಿಷಯ, ಆದರೆ ಕೆಲಸ ಕೆಡುವುದು ಇಲ್ಲೇ. ಖಾಕಿ ಬಣ್ಣದ ಅಂಗಿ, ಪ್ಯಾಂಟು ಬೇಡ. ಜೀಪು ದೂರ ನಿಲ್ಲಿಸಿ ನಡೆದು ಹೋಗಿ. ಕುರಿದಡ್ಡಿಯ ಹತ್ತಿರ ಹೋಗುವಾಗ ದೂರದಿಂದಲೇ ಕೂಗಿ ನಿಂತುಬಿಡಿ. ಹಿಂಡಿನ ನಾಯಿಗಳು ತೋಳವನ್ನೇ ಎದುರಿಸುವಂಥವು, ನಿಮ್ಮ ಸದುದ್ದೇಶ ಅವಕ್ಕೆ ತಿಳಿಯದು. ಹೋಗುವ ಹೊತ್ತು ಸಂಜೆ, ಮರಿಗಳನ್ನು ತಾಯಿಗೆ ಬಿಟ್ಟು ಹಿಂಡು ನೆಲೆಗೆ ನಿಂತ ಮೇಲೆ. ಕೈಯಲ್ಲಿ ಚಹಾಪುಡಿ, ಸಕ್ಕರೆ ಇದ್ದರೆ ಒಳ್ಳೆಯದು. ಅಡವಿಯಲ್ಲಿ ಬಿಡಾರ ಹೂಡಿದವರಿಗೆ ಅದೂ ಹತ್ತಿರದ ಊರಿಂದ ಹೊತ್ತು ತರುವ ಸಾಮಾನೇ.

ಆ ದಿನ ನೋಟ್‌ಬುಕ್ ತೆಗೆಯಬೇಡಿ. ನಿಮ್ಮ ಊರು, ಮನೆತನ, ಯಾರ ಪರಿಚಯ ಹಿಡಿದು ಬಂದಿರಿ, ಇದನ್ನೇ ಅವರು ಕೇಳುತ್ತಾರೆ. ನೆಟ್ಟಗೆ ಹೇಳಿ. ವಯಸ್ಸಾದವರನ್ನು ಕಾಕಾ, ಅಜ್ಜಾರ ಎನ್ನಿ. ಹೆಣ್ಣುಮಕ್ಕಳನ್ನು ಅಕ್ಕಾರ, ಅವ್ವಾರ ಎನ್ನಿ. 'ಫಲಾನುಭವಿ' ಎಂಬ ಮಾತು ಬಾಯಲ್ಲಿ ಬರದಿರಲಿ. ಖಾನಾಪುರದ ಗೌಳಿ ದಡ್ಡಿಗಳಲ್ಲಿ ಮಾತು ಮರಾಠಿಯ ಕಡೆಗೆ, ತಾಂಡಾದಲ್ಲಿ ಲಂಬಾಣಿಗರ ಗೋರಬೋಲಿ. ಅಲ್ಲಿನದೇ ಯುವಕ ಯುವತಿಯರನ್ನು ದುಭಾಷಿಯಾಗಿ ಕರೆದುಕೊಳ್ಳಿ, ಅವರಿಗೆ ದಿನದ ಪಗಾರ ಕೊಡಿ. ನಮ್ಮ ಬಳಗದ ಒಬ್ಬರು "ಅವರಿಗೇಕೆ ದುಡ್ಡು, ಅವರ ಊರಿನ ಕೆಲಸ ಅಲ್ಲವೇ?" ಎಂದಿದ್ದರು. ನಗರದಿಂದ ಬಂದ ತಜ್ಞರಿಗೆ ಕಾರಿನ ಬಾಡಿಗೆ ಸಮೇತ ಕೊಟ್ಟದ್ದನ್ನು ನೆನಪಿಸಿದ ಮೇಲೆ ಸುಮ್ಮನಾದರು.

ನಾಲ್ಕನೆಯದು: ಒಂದು ಇಡೀ ದಿನ ಹಿಂಡಿನ ಹಿಂದೆ

ಸಭೆ ಕರೆದು ಕೇಳಿದರೆ ಸಭೆಯ ಉತ್ತರ ಬರುತ್ತದೆ. ನಡೆಯುತ್ತ ಕೇಳಿದರೆ ನೆಲವೇ ಪ್ರಶ್ನೆ ಎತ್ತುತ್ತದೆ. ಬುತ್ತಿ ಕಟ್ಟಿಕೊಂಡು ಬೆಳಗ್ಗಿನಿಂದ ಸಂಜೆಯ ತನಕ ಹಿಂಡಿನ ಹಿಂದೆ ನಡೆಯಿರಿ. ನನಗೆ ಹೆಚ್ಚು ಕಲಿಸಿದ್ದು ಅಂಥ ಒಂದು ದಿನವೇ.

ಆ ದಿನ ಕಂಡದ್ದನ್ನು ಹೇಳುತ್ತೇನೆ. ನನಗೆ 'ಹುಲ್ಲು' ಎಂದು ಒಂದೇ ಆಗಿ ಕಾಣುತ್ತಿದ್ದುದರಲ್ಲಿ ಹಿಂಡಿನ ಹಿರಿಯರಾದ ಕಾಕಾ ಐದಾರು ಹೆಸರು ಎತ್ತಿದರು: ಯಾವುದು ಮೊದಲ ಮಳೆಗೆ ಚಿಗುರುತ್ತದೆ, ಯಾವುದು ಕರಡವಾಗಿ ಒಣಗಿದ ಮೇಲೂ ಕುರಿ ಬಾಯಿ ಹಾಕುತ್ತದೆ, ಯಾವುದರ ಮುಳ್ಳು ತುಪ್ಪಟಕ್ಕೆ ಸಿಕ್ಕಿ ಬೆಲೆ ಕೆಡಿಸುತ್ತದೆ. ಬೇಸಿಗೆಯಲ್ಲಿ ಮೇವು ತೀರಿದಾಗ ಜಾಲಿ ಕಾಯಿ, ಬನ್ನಿ ಸೊಪ್ಪು, ಬಾರಿ ಹಣ್ಣು ಹಿಂಡನ್ನು ದಾಟಿಸುತ್ತವೆ. ನಾವು ಕಂದಕ ತೋಡುವಾಗ ಮುಳ್ಳುಕಂಟಿ ಎಂದು ಕಿತ್ತು ಬಿಸಾಡಿದ್ದು ಅವನ್ನೇ. ನಾವು ನೆಟ್ಟ ಹೊಂಗೆಗೆ ಕುರಿ ಮೂತಿಯನ್ನೂ ತಾಗಿಸುವುದಿಲ್ಲ.

ಇನ್ನೊಂದು ಕಡೆ ಅವರು ಹಿಂಡನ್ನು ಸುತ್ತು ಹಾಕಿಸಿ ನಡೆಸಿದರು. ಏಕೆ ಎಂದೆ. "ತೇನೆಹಕ್ಕಿ ತತ್ತಿ ಇಟ್ಟೈತ್ರಿ ಅಲ್ಲಿ" ಎಂದರು. ಬಯಲಲ್ಲಿ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗೆ ಮರಗಳ ತೋಪು ಆಗಿಬರುವುದಿಲ್ಲ. ಚಿಂಕಾರ, ತೋಳ, ಕವಜುಗ ಎಲ್ಲವೂ ತೆರೆದ ಬಯಲಿನವು. ದಖ್ಖನದ ಈ ಹುಲ್ಲುಬಯಲು ಕಾಡು ಕಡಿದು ಉಳಿದ ಬೋಳು ಗುಡ್ಡವಲ್ಲ, ತನ್ನದೇ ಆದ ಒಂದು ಲೋಕ. ಕೇಂದ್ರ ಸರ್ಕಾರದ ಪಾಳುಭೂಮಿ ನಕಾಶೆಯಲ್ಲಿ ಇಂಥ ಕುರುಚಲು ಬಯಲುಗಳಿಗೆ 'ಪಾಳು' ಎಂಬ ಹೆಸರು ಅಂಟಿದೆ. ಪಾಳು ಎಂದ ಮೇಲೆ ಏನನ್ನಾದರೂ ತುಂಬಲೇಬೇಕು ಎನಿಸುತ್ತದೆ: ಗಿಡ, ಇಲ್ಲವೇ ಸೌರ ಫಲಕ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿರುವುದಕ್ಕೆ ನಮ್ಮ ತಾಲ್ಲೂಕು ಕಚೇರಿಯ ಕಡತಗಳಲ್ಲಿ ಏನಾದರೂ ಅರ್ಥ ಹುಟ್ಟೀತೇ, ನೋಡಬೇಕು.

ಕೇಳುವ ಬಗೆಯ ಬಗ್ಗೆ ಎರಡು ಮಾತು. "ನಿಮ್ಮ ಸಾಂಪ್ರದಾಯಿಕ ಜ್ಞಾನ ಹೇಳಿ" ಎಂದರೆ ಯಾರೂ ಏನೂ ಹೇಳಲಾರರು. "ನೀವು ಸಣ್ಣವರಿದ್ದಾಗ ಈ ಹಳ್ಳದಲ್ಲಿ ನೀರು ಎಲ್ಲಿತನಕ ಇರುತ್ತಿತ್ತು?", "ಬಳ್ಳಾರಿ ಜಾಲಿ ಈ ಕಡೆ ಯಾವಾಗ ಬಂತು?", "ಬರ ಬಿದ್ದ ವರ್ಷ ಹಿಂಡು ಎಲ್ಲಿಗೆ ಒಯ್ದಿರಿ?" ಹೀಗೆ ಕೇಳಿ. ಮತ್ತೆ, ಗಂಡಸರನ್ನು ಮಾತ್ರ ಕೇಳಿ ಬಂದುಬಿಡಬೇಡಿ. ಮರಿಗಳ ಆರೈಕೆ, ಉಣ್ಣೆ ನೂಲುವುದು, ಉರುವಲು, ನೀರು ಇವೆಲ್ಲ ಹೆಣ್ಣುಮಕ್ಕಳ ಕೈಯಲ್ಲಿವೆ. ಯಾವ ಸೊಪ್ಪು ಮರಿಯ ಹೊಟ್ಟೆ ಕೆಡಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಒಬ್ಬ ಅವ್ವನಿಂದ. ಕಾಕಾಗೂ ಅದು ಪೂರ್ತಿ ಗೊತ್ತಿರಲಿಲ್ಲ, ಇಬ್ಬರಿಗೂ ಅದರ ಮೇಲೆ ಸಣ್ಣ ಜಗಳವೇ ಆಯಿತು.

ಐದನೆಯದು: ಒಪ್ಪಿಗೆ, ಮತ್ತು ಬರೆಯದೆ ಬಿಡಬೇಕಾದದ್ದು

ಎರಡನೆಯ ಮೂರನೆಯ ಭೇಟಿಗೆ ನೋಟ್‌ಬುಕ್ ತೆಗೆಯಬಹುದು, ಆದರೆ ಕೇಳಿಯೇ. ಏನು ಬರೆಯುತ್ತೀರಿ, ಎಲ್ಲಿ ಅಚ್ಚಾಗುತ್ತದೆ, ಅದರಿಂದ ನಿಮಗೇನು ಲಾಭ, ಅವರಿಗೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ಅವರ ಮಾತಿನಲ್ಲೇ ಹೇಳಿ. ಕೂಡಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ಮನೆಯಲ್ಲಿ, ದೈವದವರ (ಊರ ಹಿರಿಯರ) ಮುಂದೆ ಮಾತಾಡಿಕೊಳ್ಳಲು ಒಂದು ವಾರ ಬಿಡಿ. ಒಬ್ಬರು ಹೂಂ ಎಂದರೆ ಸಮುದಾಯ ಹೂಂ ಎಂದಂತಲ್ಲ. ಮೊದಲು ಒಪ್ಪಿದವರು ಆಮೇಲೆ ಬೇಡ ಎನ್ನಬಹುದು, ಅದನ್ನೂ ಒಪ್ಪಬೇಕು.

ಈ ಎಚ್ಚರ ಏಕೆಂಬುದಕ್ಕೆ ಕೇರಳದ ಒಂದು ಪ್ರಸಂಗ ಸಾಕು. 1987ರಲ್ಲಿ ಅಗಸ್ತ್ಯ ಬೆಟ್ಟದ ಕಾಡಿನಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸಲು ಹೋದ ಕಾಣಿ ಬುಡಕಟ್ಟಿನವರು ದಣಿವಾಗದಿರಲು ಒಂದು ಗಿಡದ ಕಾಯಿ ತಿನ್ನುತ್ತಿದ್ದರು: ಆರೋಗ್ಯಪಚ್ಚ. ಅದರಿಂದ 'ಜೀವನಿ' ಎಂಬ ಔಷಧ ತಯಾರಾಯಿತು. ಪರವಾನಗಿ ಶುಲ್ಕ ಮತ್ತು ರಾಯಧನದ ಅರ್ಧ ಪಾಲು ಕಾಣಿಗಳಿಗೆ ಎಂದು ಆ ವಿಜ್ಞಾನಿಗಳ ಸಂಸ್ಥೆ ನಿರ್ಧರಿಸಿತು. ಅದಕ್ಕಾಗಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ಇಂಥ ಹಂಚಿಕೆಗೆ ಇದು ಜಗತ್ತಿಗೇ ಮೊದಮೊದಲ ಉದಾಹರಣೆಗಳಲ್ಲಿ ಒಂದು. ಹಾಗಿದ್ದರೂ ಆ ಗುಟ್ಟು ಹೇಳುವ ಅಧಿಕಾರ ಇಬ್ಬರು ಮೂವರಿಗೆ ಇತ್ತೇ, ಇಡೀ ಸಮುದಾಯವನ್ನು ಕೇಳಬೇಕಿತ್ತಲ್ಲವೇ ಎಂಬ ತಕರಾರು ಕಾಣಿಗಳಲ್ಲೇ ಎದ್ದಿತು.

ನಮ್ಮ ಬಳಗ ಕೆಲವನ್ನು ಬರೆಯದೆ ಬಿಟ್ಟಿದೆ. ಔಷಧಿ ಗಿಡ ಇರುವ ಜಾಗದ ಗುರುತನ್ನು ಮೊಬೈಲಿನಲ್ಲಿ ಹಾಕುವುದಿಲ್ಲ. ಜೇನುಬಂಡೆಯ ಫೋಟೊ ವಾಟ್ಸಾಪಿಗೆ ಬಿಡುವುದಿಲ್ಲ. ಹರಣಶಿಕಾರಿ ಹಿರಿಯರೊಬ್ಬರಿಗೆ ಹಕ್ಕಿಗಳ ನಡೆ, ಕೂಗು, ಗೂಡಿನ ಬಗ್ಗೆ ಗೊತ್ತಿರುವಷ್ಟು ಪಕ್ಷಿವೀಕ್ಷಣೆಯ ಪುಸ್ತಕ ಹಿಡಿದ ನಮಗೆ ಗೊತ್ತಿಲ್ಲ. ಆದರೆ ಆ ತಿಳಿವಳಿಕೆ ಬಂದ ದಾರಿ 1972ರ ವನ್ಯಜೀವಿ ಕಾಯ್ದೆಯ ಕಣ್ಣಿಗೆ ಅಪರಾಧ. ಅವರ ಹೆಸರಿನ ಜೊತೆ ಅದನ್ನು ಬರೆದಿಟ್ಟರೆ ನಾಳೆ ಯಾರದೋ ಕೈಗೆ ಸಾಕ್ಷಿಯಾದೀತು. ಅವರ ಜೊತೆ ಹಕ್ಕಿ ಎಣಿಸಿದೆವು, ಬೇಟೆಯ ಪ್ರಶ್ನೆ ಎತ್ತಲಿಲ್ಲ.

ಆರನೆಯದು: ಕಾಗದ

ಇದು ಒಣ ವಿಷಯ, ಆದರೂ ಬಿಡುವಂತಿಲ್ಲ. ಎರಡು ಕಾಯ್ದೆ ಗೊತ್ತಿರಲಿ.

ಒಂದು, 2006ರ ಅರಣ್ಯ ಹಕ್ಕು ಕಾಯ್ದೆ. ಮನೆ, ಹೊಲದ ಹಕ್ಕಿನ ಜೊತೆಗೆ ಮೇವು, ಮೀನು, ಕಿರು ಅರಣ್ಯ ಉತ್ಪನ್ನ, ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ಬಂದುಹೋಗುವ ಹಕ್ಕನ್ನೂ ಅದು ಹೆಸರಿಸುತ್ತದೆ. ಸಮುದಾಯ ತನ್ನ ಅರಣ್ಯವನ್ನು ಕಾಪಾಡುವ ಹಕ್ಕೂ ಅದರಲ್ಲಿದೆ. ಪರಿಶಿಷ್ಟ ಪಂಗಡದವರಲ್ಲದವರು, ಅಂದರೆ ನಮ್ಮ ಕಡೆಯ ಗೌಳಿಗರು, ಕುರುಬರು, 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿದ್ದು ಕಾಡನ್ನು ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಅಡವಿಯಲ್ಲಿ ಬದುಕಿದವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಹಾಗಾಗಿ ನಿಯಮಗಳು ಹಿರಿಯರ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತವೆ, ಅರ್ಜಿದಾರರನ್ನು ಬಿಟ್ಟು ಬೇರೆಯವರು ಹೇಳಿದ್ದಿರಬೇಕು, ಬರಹದಲ್ಲಿರಬೇಕು. ಹಳೆಯ ದೇವರ ಕಟ್ಟೆ, ಬಾವಿ, ಸಮಾಧಿಗಳೂ ಪುರಾವೆಯೇ. ಅಕ್ಷರ ಬಲ್ಲ ನಿಮ್ಮಂಥವರು ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ: ಹೇಳಿಕೆ ಬರೆದುಕೊಡಿ, ನಕಾಶೆ ಬಿಡಿಸಿಕೊಡಿ. ಅರ್ಜಿ ಮೊದಲು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಇದೇ ದಾರಿಯಲ್ಲಿ ಹುಲಿ ಮೀಸಲಿನೊಳಗೆ ಸಮುದಾಯ ಹಕ್ಕು ಪಡೆದರು. ಗಾಯರಾಣ ಅರಣ್ಯವಲ್ಲದ ಬರೀ ಕಂದಾಯ ಭೂಮಿಯಾಗಿದ್ದರೆ ಈ ಕಾಯ್ದೆ ಅಲ್ಲಿಗೆ ಮುಟ್ಟುವುದಿಲ್ಲ ಎಂಬುದೂ ನೆನಪಿರಲಿ.

ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆ. ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಪಂಚಾಯ್ತಿಗೆ ಹೋಗಿ ಆ ಪುಸ್ತಕ ಕೇಳಿ. ನಮಗೆ ಒಂದು ಕಡೆ ಸಿಕ್ಕ ಪುಸ್ತಕದಲ್ಲಿ ಆ ಊರಲ್ಲಿ ಯಾರೂ ಕಾಣದ ಗಿಡಗಳ ಹೆಸರಿದ್ದವು, ದಖ್ಖನಿ ಕುರಿಯ ಹೆಸರೇ ಇರಲಿಲ್ಲ.

ಏಳನೆಯದು: ಕೂಡಿ ಮಾಡುವುದು, ಕೂಡಿ ಜಗಳಾಡುವುದು

ಮರುವರ್ಷ ಆ ಗಾಯರಾಣಕ್ಕೆ ಮತ್ತೆ ಹೋದೆವು, ಈ ಸಲ ಹಿಂಡು ಊರಲ್ಲಿದ್ದಾಗ. ಏನು ಮಾಡೋಣ ಎಂದು ಕೇಳಿದ್ದಕ್ಕೆ ಮೊದಲ ಉತ್ತರ ಗಿಡವಲ್ಲ: "ಆ ತೆಗ್ಗು ಮುಚ್ಚ್ರಿ ಮೊದ್ಲ, ಎರಡು ಮರಿ ಕಾಲು ಮುರದಾವು." ಎರಡು ಕಡೆ ಕಂದಕ ಮುಚ್ಚಿ ದಾರಿ ಮಾಡಿದೆವು. ಆಮೇಲಿನ ಕೆಲಸ ಹಳೆಯ ಹೊಂಡದ ಹೂಳು ತೆಗೆಯುವುದು. ಆಮೇಲೆ ಒಂದು ಬದಿಯಿಂದ, ಹೊರಗಿಂದ ಬಂದು ಹಬ್ಬಿದ ಬಳ್ಳಾರಿ ಜಾಲಿ ಕೀಳುವುದು. ಕೊನೆಯದು ಅಂಚಿಗೆ ಬನ್ನಿ, ಬಾರಿ, ಕರಿಜಾಲಿ ಬೀಜ ಊರುವುದು. ಬೀಜ ಅವರೇ ತಂದರು. ಬಯಲಿನ ಮೂರನೆಯ ಒಂದು ಪಾಲನ್ನು ಮಿರಗದಿಂದ ಮೂರು ಮಳೆ ಮುಗಿಯುವ ತನಕ ಮೇಯಿಸದೆ ಬಿಡುವುದೆಂದು ಅವರೇ ಗೆರೆ ಹಾಕಿದರು. ಗೆರೆ ದಾಟಿದವರಿಗೆ ದಂಡ ಎಷ್ಟು ಎಂಬುದನ್ನು ನಾವು ಕೇಳಲಿಲ್ಲ. ಅವರ ಕುಲದೈವ ಬೀರಪ್ಪನ ಗುಡಿಯ ಮುಂದೆ ಅದು ತೀರ್ಮಾನವಾಯಿತು.

ಎಲ್ಲದಕ್ಕೂ ಒಮ್ಮತ ಬಂದಿಲ್ಲ. ಮಳೆಗೆ ಮುನ್ನ ಒಣಹುಲ್ಲಿಗೆ ಬೆಂಕಿ ಇಟ್ಟರೆ ಚಿಗುರು ಚೆನ್ನಾಗಿ ಬರುತ್ತದೆ ಎಂಬುದು ಕೆಲವರ ವಾದ. ಸೋಲಿಗರ ತರಗು ಬೆಂಕಿಯ ಮಾತು ನನಗೂ ಗೊತ್ತಿತ್ತು: ಸಣ್ಣ ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡು ನುಂಗಿತು ಎಂದು ಅವರು ಹೇಳುತ್ತ ಬಂದಿದ್ದಾರೆ. ಹಾಗೆಂದು ಆ ಕಾಡಿನ ಮಾತನ್ನು ಈ ಬಯಲಿಗೆ ತಂದು ಹಚ್ಚಬಹುದೇ? ಬೆಂಕಿ ಇಡುವ ಹೊತ್ತಿಗೆ ನೆಲದ ಮೇಲಿನ ಗೂಡುಗಳ ಗತಿ ಏನು ಎಂದು ನಾನು ಕೇಳಿದೆ. ಅರಣ್ಯ ಇಲಾಖೆಯ ಕೇಸಿನ ಭಯವೂ ಇತ್ತು. ಬೇಡ ಎಂದು ಸದ್ಯಕ್ಕೆ ನಿಂತಿದೆ. ತೋಳದ ವಿಷಯವೂ ಹಾಗೇ. ತೋಳ ಉಳಿಯಬೇಕು ಎಂದು ನಾವು ಹೇಳುವುದು ಸುಲಭ, ಒಂದೇ ರಾತ್ರಿ ಮೂರು ಕುರಿ ಕಳೆದುಕೊಂಡವರ ಮುಂದೆ ಕೂತು ಹೇಳುವುದು ಕಷ್ಟ. ಬೋಧನೆ ಬಿಟ್ಟು ರಾತ್ರಿ ದಡ್ಡಿಗೆ ಬಲೆ ಕಟ್ಟುವ ಖರ್ಚು ಹಂಚಿಕೊಂಡೆವು. ಹಿರಿಯರು ಹೇಳಿದ್ದೆಲ್ಲ ಸರಿ ಎಂದು ತಲೆಯಾಡಿಸುವುದೂ ಒಂದು ಬಗೆಯ ಅಸಡ್ಡೆಯೇ. ನಿಮ್ಮ ಸಂಶಯ ಮುಚ್ಚಿಟ್ಟುಕೊಂಡರೆ ಅವರಿಗೆ ಅದು ಗೊತ್ತಾಗುತ್ತದೆ.

ಕೊನೆಯದು: ಬರೆದದ್ದನ್ನು ಮರಳಿಸುವುದು

ನೀವು ಬರೆದ ವರದಿಯನ್ನು ಅಚ್ಚಿಗೆ ಕೊಡುವ ಮುನ್ನ ದಡ್ಡಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿ. ಅವರಿಗೆ ಬೇಡವಾದ ಸಾಲು ಹೊಡೆದುಹಾಕಿ. ಹೆಸರು ಹಾಕಬೇಕೆಂದರೆ ಹಾಕಿ, ಬೇಡವೆಂದರೆ ಬಿಡಿ. ಒಂದು ಪ್ರತಿ ಪಂಚಾಯ್ತಿಗೆ, ಒಂದು ಊರ ಶಾಲೆಗೆ, ಒಂದು ಅವರ ಕೈಗೆ.

ನಮ್ಮದನ್ನು ಓದಿದ ದಿನ ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು, ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದೆ. ಮೂರನೆಯ ಪುಟಕ್ಕೆ ಕೈ ಎತ್ತಿದರು. "ಆ ಹುಲ್ಲು ಕುರಿ ತಿಂತಾವ ಅಂತ ಬರದೀಯಲ್ಲ, ತಮ್ಮಾ, ಅದು ಆಡು ತಿನ್ನೂದು. ತಿದ್ದು." ತಿದ್ದಿದೆ. ಆಮೇಲೆ ಇನ್ನೂ ಹನ್ನೊಂದು ಕಡೆ ತಿದ್ದಿಸಿದರು. ಹೊತ್ತು ಮುಳುಗಿತು. ಉಳಿದ ಪುಟಗಳನ್ನು ಹಿಂಡು ಮರಳಿ ಬಂದ ಮೇಲೆ ಓದುವುದೆಂದು ಗೊತ್ತಾಗಿದೆ.